ಕೆ. ವಿ. ಪುಟ್ಟಪ್ಪನವರೂ ಇಂಗ್ಲಿಷ್ ಪಾಠವೂ

ನಮ್ಮ ಶಿವಮೊಗ್ಗಾ ಸೀಮೆಯಲ್ಲಿ ಬೆಳೆದು ಕನ್ನಡನಾಡಿನಲ್ಲೆಲ್ಲಾ ಹೆಸರುಗೊಂಡ ಕೆ. ವಿ. ಪುಟ್ಟಪ್ಪನವರನ್ನು, ಅಂದರೆ ಕುವೆಂಪುರವರನ್ನು, ಅರಿಯದ ವಾಚಕರು ಇರಲಾರರು. ಶಿವಮೊಗ್ಗಾ ಪಟ್ಟಣದಲ್ಲಿ ಅವರ ಹೆಸರಿನ ರಂಗಮಂದಿರವುಂಟು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ವಿಶ್ವವಿದ್ಯಾನಿಲಯಕ್ಕೆ 1987ನೆಯ ಇಸವಿಯಲ್ಲಿ ಅವರ ಹೆಸರೇ ಇಡಲ್ಪಟ್ಟಿತು. ಕನ್ನಡದ ಮಹಾಕವಿಯೆಂದು ಅವರ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ನಾವಾದರೋ ಈ ಸಾರಿ ಅವರನ್ನು ಇಂಗ್ಲಿಷ್ ಕಲಿತ ವಿದ್ಯಾರ್ಥಿಯೆಂದು ನೋಡಬೇಕೆಂದಿದ್ದೇವೆ. ಇದಕ್ಕೆ ಕಾರಣವುಂಟು. ಬೇಸಗೆಯ ರಜೆ ಮುಗಿಯುತ್ತ ಬಂದಂತೆ ನಮ್ಮ ಹಳ್ಳಿಗಳ ಸಭೆಗಳಲ್ಲಿ ತಂದೆತಾಯಿಗಳು ಒಂದೇ ಪ್ರಶ್ನೆಯನ್ನು ಕೇಳುವರು. ಮಗುವನ್ನು ಊರಿನ ಕನ್ನಡ ಶಾಲೆಗೆ ಕಳುಹಿಸಬೇಕೋ, ಸಾಲಮಾಡಿಯಾದರೂ ಪಟ್ಟಣದ ಇಂಗ್ಲಿಷ್ ಶಾಲೆಗೆ ಹಾಕಬೇಕೋ? ಈ ವಾದದಲ್ಲಿ ಪುಟ್ಟಪ್ಪನವರ ಹೆಸರು ಎರಡು ಪಕ್ಷದವರ ಬಾಯಲ್ಲಿಯೂ ಬರುವದುಂಟು. ಒಬ್ಬರು ಅವರು ಇಂಗ್ಲಿಷನ್ನು ಬೇಡವೆಂದರು ಎನ್ನುವರು. ಮತ್ತೊಬ್ಬರು ಅವರೇ ಇಂಗ್ಲಿಷ್ ಓದಿ ದೊಡ್ಡವರಾಗಲಿಲ್ಲವೇ ಎನ್ನುವರು. ಎರಡೂ ಅರ್ಧ ಸತ್ಯಗಳೇ. ಅವರ ಜೀವಿತವನ್ನು ಕ್ರಮವಾಗಿ ನೋಡಿದರೆ ಉಳಿದ ಅರ್ಧವು ಕಾಣುವದು.

ಇವರು 1904ನೆಯ ಇಸವಿ ದಶಂಬರ 29ನೆಯ ತಾರೀಖಿನಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದರು. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮನವರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ. ಸುತ್ತಲೂ ಕಾಡು, ಕೆಳಗೆ ಗದ್ದೆ ತೋಟ, ಮನೆಯ ಹಿಂದೆ ಏರುವ ಗುಡ್ಡ. ಶಾಲೆಯೆಂಬದು ಹತ್ತಿರದಲ್ಲಿ ಇರಲಿಲ್ಲವಾದದರಿಂದ ಘಟ್ಟದ ಕೆಳಗಿನ ಸೀಮೆಯಿಂದ ಉಪಾಧ್ಯಾಯರೊಬ್ಬರನ್ನು ಕರೆಯಿಸಿ ಮನೆಯಲ್ಲಿಯೇ ಮಕ್ಕಳಿಗೆ ಅಕ್ಷರ ಕಲಿಸುವ ಏರ್ಪಾಡಾಯಿತು. ಮೊದಲು ಕಲಿತದ್ದು ಕನ್ನಡವೇ. ಅನಂತರ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಯಲ್ಲಿ, ಅಂದರೆ ಕನ್ನಡವನ್ನೂ ಇಂಗ್ಲಿಷನ್ನೂ ಜೊತೆಯಾಗಿ ಕಲಿಸುವ ಶಾಲೆಯಲ್ಲಿ, ಓದು ಮುಂದುವರಿಯಿತು. ಹನ್ನೆರಡು ವರುಷದ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು.

ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವು ಮೊದಲನೆಯ ಸಾರಿ ಇಂಗ್ಲಿಷ್ ಪಾಠಕ್ಕೆ ಕೂತಾಗ ಅದಕ್ಕೆ ಏನೇನು ಕಷ್ಟವಾಗುವದೆಂಬದನ್ನು ಇಲ್ಲಿ ಸ್ವಲ್ಪ ವಿವರಿಸುವದು ಒಳ್ಳೇದು. ಯಾಕಂದರೆ ಅಂದು ತೀರ್ಥಹಳ್ಳಿಯ ಹುಡುಗರಿಗೆ ಇದ್ದ ತೊಡಕುಗಳೇ ಇಂದು ಭದ್ರಾವತಿಯ ಮಕ್ಕಳಿಗೂ ಇವೆ. ಕನ್ನಡದಲ್ಲಿ ಅಕ್ಷರವನ್ನು ಬರೆದಂತೆಯೇ ಓದುವೆವು. ಇಂಗ್ಲಿಷಿನಲ್ಲಿ ಹಾಗಲ್ಲ, ನೈಫ್ ಎಂಬ ಮಾತನ್ನು ಬರೆಯುವಾಗ ಮೊದಲಲ್ಲಿ ಕೆ ಎಂಬ ಅಕ್ಷರವಿದ್ದರೂ ಬಾಯಲ್ಲಿ ಅದಕ್ಕೆ ಸ್ಥಳವಿಲ್ಲ. ಕನ್ನಡದ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವವು. ಆದದರಿಂದ ಮಗುವಿನ ನಾಲಿಗೆಯು ಬುಕ್ ಎಂಬದನ್ನು ಬುಕ್ಕು ಎಂದೂ ಪೆನ್ ಎಂಬದನ್ನು ಪೆನ್ನು ಎಂದೂ ತಾನಾಗಿ ತಿರುಗಿಸುವದು. ರಾಮನು ಹಣ್ಣನ್ನು ತಿಂದನು ಎಂದು ನಾವು ಕ್ರಿಯಾಪದವನ್ನು ಕಡೆಯಲ್ಲಿ ಇಡುವೆವು. ಇಂಗ್ಲಿಷರು ಅದನ್ನು ಹಣ್ಣಿಗಿಂತ ಮುಂಚೆಯೇ ಇಟ್ಟುಬಿಡುವರು. ನಮಗೆ ಮೇಜು ಮೊದಲು, ಮೇಲೆ ಎಂಬದು ಆಮೇಲೆ. ಅವರಿಗೆ ಆನ್ ಮೊದಲು, ಟೇಬಲ್ ಆಮೇಲೆ. ಎ, ದಿ ಎಂಬ ಸಣ್ಣ ಮಾತುಗಳಿಗೆ ಸಮನಾದದ್ದು ನಮ್ಮಲ್ಲಿ ಇಲ್ಲವೇ ಇಲ್ಲ. ಆದದರಿಂದ ಮಗುವು ಅವುಗಳನ್ನು ಬಿಟ್ಟುಬಿಡುವದು, ಇಲ್ಲವೆ ಕಂಡಕಂಡಲ್ಲಿ ಹಾಕುವದು. ಈ ಭೇದಗಳನ್ನು ಬಲ್ಲ ಉಪಾಧ್ಯಾಯರು ಹುಡುಗನನ್ನು ಬೈಯುವದಿಲ್ಲ. ಅವನು ತನ್ನ ಮಾತಿನ ನಿಯಮವನ್ನು ಸರಿಯಾಗಿ ಅನುಸರಿಸಿ ತಪ್ಪುಮಾಡಿದನೆಂದು ತಿಳಿದು, ಎರಡು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಯಾವ ಮಾತು ಎಲ್ಲಿಗೆ ಹೋಯಿತೆಂದು ಗೆರೆ ಎಳೆದು ತೋರಿಸುವರು. ಕನ್ನಡವನ್ನು ಚೆನ್ನಾಗಿ ಬಲ್ಲ ಮಗುವಿಗೆ ಈ ಗೆರೆಗಳು ಬೇಗ ಅರ್ಥವಾಗುತ್ತವೆ. ಕನ್ನಡವೂ ಸರಿಯಾಗಿ ಬಾರದ ಮಗುವಿಗೆ ಗೆರೆಯ ಎರಡು ಕೊನೆಗಳೂ ಕತ್ತಲೆಯಲ್ಲಿಯೇ ಇರುವವು.

ತೀರ್ಥಹಳ್ಳಿಯ ಓದು ಮುಗಿದ ಮೇಲೆ ಪುಟ್ಟಪ್ಪನವರು ಮೈಸೂರಿಗೆ ಹೋಗಿ ಅಲ್ಲಿನ ವೆಸ್ಲಿಯನ್ ಮಿಶನ್ ಹೈಸ್ಕೂಲನ್ನು ಸೇರಿದರು. ಇದು ನಮ್ಮ ವಾಚಕರು ಗಮನಿಸತಕ್ಕ ಸಂಗತಿ. ಮೈಸೂರಿನಲ್ಲಿ ವೆಸ್ಲಿಯನ್ ಮಿಶನ್ನಿನವರು ಇಂಗ್ಲಿಷ್ ಕಲಿಸುವ ಕೆಲಸವನ್ನು ಅದಕ್ಕೆ ಬಹುಕಾಲ ಮುಂಚೆಯೇ ಹಿಡಿದಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರವರು 1833ರಲ್ಲಿ ತೆರೆದ ಧರ್ಮದ ಇಂಗ್ಲಿಷ್ ಶಾಲೆಯ ಆಡಳಿತವನ್ನು 1840ರಲ್ಲಿ ಈ ಮಿಶನ್ನಿಗೆ ಒಪ್ಪಿಸಿದ್ದುಂಟು. ಮಿಶನ್ ಶಾಲೆಗಳ ಪದ್ಧತಿಯಂತೆ ಹೈಸ್ಕೂಲಿನಲ್ಲಿ ಸತ್ಯವೇದದ ಪಾಠವೂ ಇತ್ತು. ಪುಟ್ಟಪ್ಪನವರು ಅದರಿಂದ ಕ್ರೈಸ್ತರಾಗಲಿಲ್ಲ. ಮುಂದೆ ಅವರು ಮೈಸೂರಿನ ಶ್ರೀ ರಾಮಕೃಷ್ಣಾಶ್ರಮದಲ್ಲಿದ್ದು, ಆ ಗುರುಗಳ ಮಾರ್ಗವನ್ನೇ ಹಿಡಿದರು. ಇದನ್ನು ಮರೆಮಾಚುವದು ಸರಿಯಲ್ಲ. ಅವರ ಮಲೆಗಳಲ್ಲಿ ಮದುಮಗಳು ಎಂಬ ಕಾದಂಬರಿಯಲ್ಲಿ ತೀರ್ಥಹಳ್ಳಿಯ ಕಡೆಯ ಪಾದ್ರಿಯೊಬ್ಬರು ಬರುವರು, ಬೈಸಿಕಲ್ಲಿನ ಸಂಗಡ. ಆ ಚಿತ್ರವು ನಮ್ಮವರಲ್ಲಿ ಕೆಲವರಿಗೆ ರುಚಿಸದು. ಆದರೂ ಓದಿ ನೋಡತಕ್ಕದ್ದೇ.

ಆ ಕಾಲದಲ್ಲಿ ಹೈಸ್ಕೂಲಿನ ಮೇಲ್ತರಗತಿಗಳಲ್ಲಿಯೂ ಕಾಲೇಜಿನಲ್ಲಿಯೂ ಇಂಗ್ಲಿಷ್ ಒಂದು ಪಾಠವಾಗಿ ಮಾತ್ರ ಇರಲಿಲ್ಲ. ಚರಿತ್ರೆ, ಗಣಿತ, ವಿಜ್ಞಾನಗಳೆಲ್ಲವೂ ಇಂಗ್ಲಿಷಿನಲ್ಲಿಯೇ ಹೇಳಲ್ಪಡುತ್ತಿದ್ದವು. ಅರ್ಥವಾದವನಿಗೆ ಸರಿ, ಆಗದವನು ಉರುಹೊಡೆಯುತ್ತಿದ್ದನು. ಪುಟ್ಟಪ್ಪನವರು ಅರ್ಥಮಾಡಿಕೊಂಡವರ ಗುಂಪಿಗೆ ಸೇರಿದವರು. ತರಗತಿಯ ಪುಸ್ತಕದಷ್ಟಕ್ಕೆ ನಿಲ್ಲದೆ ಪುಸ್ತಕಭಂಡಾರದಲ್ಲಿ ಕೂತು ವರ್ಡ್ಸ್‌ವರ್ತ್, ಮಿಲ್ಟನ್ ಮುಂತಾದವರ ಕಾವ್ಯಗಳನ್ನೂ, ವಿವೇಕಾನಂದರ ಗ್ರಂಥಗಳನ್ನೂ ಓದಿದರು. ಪರೀಕ್ಷೆಗೆ ಬೇಕೆಂದಲ್ಲ, ಇಷ್ಟವಾದದರಿಂದ ಓದಿದರು. ಕುಪ್ಪಳಿಯ ಕಾಡನ್ನೂ ಬೆಟ್ಟವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹುಡುಗನಿಗೆ ವರ್ಡ್ಸ್‌ವರ್ತ್ ಕವಿಯ ಬೆಟ್ಟಗಳೂ ಕೊಳಗಳೂ ಪರದೇಶವೆಂದು ತೋರಲಿಲ್ಲ. ಇದೇ ಗುಟ್ಟೆಂದು ನಮಗೆ ತೋರುತ್ತದೆ. ಅವರು ಇಂಗ್ಲಿಷಿನಲ್ಲಿ ಕಂಡದ್ದು ತಾವು ಮೊದಲೇ ಬಲ್ಲ ವಸ್ತುವನ್ನು. ಹೊಸದಾಗಿದ್ದದ್ದು ಮಾತು ಮಾತ್ರ. ಹೀಗೆ ಓದುತ್ತ ಓದುತ್ತ ಅವರು ತಾವೇ ಇಂಗ್ಲಿಷಿನಲ್ಲಿ ಕವಿತೆ ಕಟ್ಟುವದಕ್ಕೆ ಪ್ರಾರಂಭಿಸಿದರು. 1922ರಲ್ಲಿ ಬಿಗಿನರ್ಸ್ ಮ್ಯೂಸ್ ಎಂಬ ಹೆಸರಿನಿಂದ ಅವರ ಇಂಗ್ಲಿಷ್ ಕವಿತೆಗಳ ಚಿಕ್ಕ ಪುಸ್ತಕವೊಂದು ಹೊರಟಿತು. ಆಗ ಅವರಿಗೆ ಹದಿನೆಂಟು ವರುಷವೂ ತುಂಬಿರಲಿಲ್ಲ. ಮಲೆನಾಡಿನ ಒಂಟಿಮನೆಯಿಂದ ಬಂದ ಹುಡುಗನು ಇಷ್ಟು ಮಾಡಿದನೆಂಬದು ಸಾಮಾನ್ಯವಲ್ಲ.

1924ರಲ್ಲಿ ಜೇಮ್ಸ್ ಕಸಿನ್ಸ್ ಎಂಬ ಕವಿಗಳು ಮೈಸೂರಿಗೆ ಬಂದಿದ್ದರು. ಇವರು ಐರ್ಲೆಂಡಿನಲ್ಲಿ ಹುಟ್ಟಿ, ಭಾರತಕ್ಕೆ ಬಂದು ಮದನಪಲ್ಲಿಯಲ್ಲಿ ಉಪಾಧ್ಯಾಯರಾಗಿದ್ದವರು. ಪುಟ್ಟಪ್ಪನವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿದರು. ಮೆಚ್ಚಿಕೆಯನ್ನು ನಿರೀಕ್ಷಿಸಿ ಹೋದವರಿಗೆ ದೊರೆತದ್ದು ಪ್ರಶ್ನೆ. ಸ್ವಂತ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕಸಿನ್ಸರು ಕೇಳಿದರು. ಕನ್ನಡದಲ್ಲಿ ಹೊಸ ಭಾವಗಳನ್ನು ಹೇಳಲಿಕ್ಕೆ ತಕ್ಕ ಶಕ್ತಿಯಿಲ್ಲವೆಂಬ ಅರ್ಥದಲ್ಲಿ ಹುಡುಗರು ಉತ್ತರಕೊಟ್ಟಾಗ, ಶಕ್ತಿಯು ಭಾಷೆಯಲ್ಲಿಲ್ಲ, ಅದನ್ನು ಬಳಸುವವನಲ್ಲಿದೆಯೆಂದೂ, ಬಂಗಾಳದ ರವೀಂದ್ರನಾಥ ಠಾಕೂರರು ತಮ್ಮ ಭಾಷೆಯಲ್ಲಿಯೇ ಬರೆದರೆಂದೂ ಅವರು ತಿಳಿಸಿದರು. ಪುಟ್ಟಪ್ಪನವರಿಗೆ ಆ ಹೊತ್ತು ಬೇಸರವೇ ಆಯಿತು. ಆದರೂ ಮಾತು ನಾಟಿತು. ಕಸಿನ್ಸರು ಇದನ್ನು ಹೇಳತಕ್ಕವರೇ ಆಗಿದ್ದರು. ಐರ್ಲೆಂಡಿನಲ್ಲಿ ಇಂಗ್ಲಿಷ್ ಹಬ್ಬಿ ಅಲ್ಲಿನ ಸ್ವಂತ ಭಾಷೆಯು ಮೂಲೆಗೆ ಸೇರಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅದೇ ವರುಷ ಪುಟ್ಟಪ್ಪನವರ ಅಮಲನ ಕಥೆ ಎಂಬ ಕನ್ನಡ ಕೃತಿಯು ಹೊರಬಂದಿತು.

ಇಲ್ಲಿ ಹಲವರು ಕಥೆಯನ್ನು ನಿಲ್ಲಿಸಿ, ಇಂಗ್ಲಿಷನ್ನು ಬಿಟ್ಟದ್ದರಿಂದ ಕವಿಯಾದರು ಎಂದು ಹೇಳಿಬಿಡುವರು. ಅದು ನಿಜವಲ್ಲ. ಬಿಟ್ಟದ್ದು ಇಂಗ್ಲಿಷಿನಲ್ಲಿ ಕವಿತೆ ಬರೆಯುವದನ್ನು, ಇಂಗ್ಲಿಷ್ ಓದುವದನ್ನಲ್ಲ. ಕಲಿತ ಇಂಗ್ಲಿಷ್ ಈಗ ಬೇರೆ ಕೆಲಸಕ್ಕೆ ಬಂದಿತು.

ಮಹಾರಾಜಾ ಕಾಲೇಜಿನಲ್ಲಿ ಆಗ ಬಿ. ಎಂ. ಶ್ರೀಕಂಠಯ್ಯನವರೆಂಬ ಇಂಗ್ಲಿಷ್ ಪ್ರಾಧ್ಯಾಪಕರಿದ್ದರು. 1884ರಲ್ಲಿ ಹುಟ್ಟಿದ ಇವರು ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದ ಅಭಿವೃದ್ಧಿಗಾಗಿ ದುಡಿದವರು. 1911ರಲ್ಲಿಯೇ ಧಾರವಾಡದಲ್ಲಿ ಈ ವಿಷಯವಾಗಿ ಉಪನ್ಯಾಸ ಮಾಡಿದ್ದರು. ಪಾಲ್‌ಗ್ರೇವ್ ಎಂಬವರು ಕೂಡಿಸಿದ ಇಂಗ್ಲಿಷ್ ಪದ್ಯಸಂಗ್ರಹದಿಂದಲೂ ಬೇರೆ ಕವಿಗಳಿಂದಲೂ ಆರಿಸಿದ ಪದ್ಯಗಳನ್ನು ಕನ್ನಡಕ್ಕೆ ತಂದು, ಇಂಗ್ಲಿಷ್ ಗೀತಗಳು ಎಂಬ ಪುಸ್ತಕವನ್ನು 1920ರ ದಶಕದಲ್ಲಿ ಪ್ರಕಟಿಸಿದರು. ಅದರಲ್ಲಿ ಹಳೆಯ ಪದ್ಧತಿಯ ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟು, ಎಲ್ಲರಿಗೂ ತಿಳಿಯುವ ಸರಳವಾದ ಮಾತುಗಳನ್ನು ಹಿಡಿದರು. ಅದರೊಳಗಿನ ಪ್ರಾರ್ಥನೆ ಎಂಬ ಪದ್ಯವನ್ನು ನಮ್ಮ ಸಭೆಗಳವರು ಚೆನ್ನಾಗಿ ಬಲ್ಲರು. ಅದು ಜಾನ್ ಹೆನ್ರಿ ನ್ಯೂಮನ್ನರು 1833ರಲ್ಲಿ ಸಮುದ್ರಪ್ರಯಾಣ ಮಾಡುತ್ತಿರುವಾಗ ಬರೆದ ಇಂಗ್ಲಿಷ್ ಕೀರ್ತನೆಯ ಕನ್ನಡ ರೂಪ. ದಾರಿಯನ್ನರಿಯದ ಪಯಣಿಗನು ಬೆಳಕನ್ನು ಬೇಡಿಕೊಳ್ಳುವ ಹಾಡು. ಬ್ರಾಹ್ಮಣ ಮನೆತನದ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಕ್ರೈಸ್ತ ಕೀರ್ತನೆಯನ್ನು ಇಷ್ಟು ಅಂದವಾಗಿ ತಂದಿದ್ದಾರೆಂದರೆ, ಮೂಲವನ್ನು ಎಷ್ಟು ಆಳವಾಗಿ ಓದಿರಬೇಕೆಂದು ನಾವು ಅನೇಕ ಸಾರಿ ಆಶ್ಚರ್ಯಪಟ್ಟಿದ್ದೇವೆ. ಕನ್ನಡದ ಹಾಡನ್ನು ಬಾಯಿಪಾಠವಾಗಿ ಬಲ್ಲ ನಮ್ಮ ಮಕ್ಕಳ ಮುಂದೆ ಇಂಗ್ಲಿಷ್ ಮೂಲವನ್ನು ಇಟ್ಟುನೋಡಿರಿ. ಬೆಳಕು, ಮನೆ, ಇರುಳು, ಹೆಜ್ಜೆ ಎಂಬ ಮಾತುಗಳಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಅವರೇ ಹುಡುಕಿ ತೆಗೆಯುವರು. ಅರ್ಥವನ್ನು ಉಪಾಧ್ಯಾಯರು ಹೇಳಬೇಕಾಗಿಯೇ ಇಲ್ಲ.

ಪುಟ್ಟಪ್ಪನವರು ಈ ದಾರಿಯಲ್ಲಿ ಇನ್ನೂ ಮುಂದೆ ಹೋದರು. ಷೇಕ್ಸ್‌ಪಿಯರ್ ಕವಿಯ ಹ್ಯಾಮ್ಲೆಟ್ ನಾಟಕವನ್ನು ಡೆನ್ಮಾರ್ಕಿನಿಂದ ಎತ್ತಿ ನಮ್ಮ ಬಿದನೂರಿನ ಅರಮನೆಯಲ್ಲಿ ಇಳಿಸಿ ರಕ್ತಾಕ್ಷಿ ಎಂಬ ನಾಟಕವನ್ನು ಮಾಡಿದರು. ಟೆಂಪೆಸ್ಟ್ ಎಂಬದು ಬಿರುಗಾಳಿ ಆಯಿತು. ಆದರೆ ಮಕ್ಕಳ ಬಾಯಿಗೆ ಬಂದದ್ದು ಬೊಮ್ಮನಹಳ್ಳಿಯ ಕಿಂದರಿಜೋಗಿ. ಇದರ ಮೂಲವು ರಾಬರ್ಟ್ ಬ್ರೌನಿಂಗ್ ಎಂಬ ಕವಿ ಬರೆದ ಪದ್ಯ. ಜರ್ಮನಿಯ ಹ್ಯಾಮೆಲಿನ್ ಎಂಬ ಊರಿಗೆ ಇಲಿಗಳ ಕಾಟ; ಕೊಳಲೂದುವವನೊಬ್ಬನು ಬಂದು ಅವುಗಳನ್ನು ನದಿಗೆ ಸೆಳೆದು ಮುಳುಗಿಸುವನು; ಊರಿನವರು ಒಪ್ಪಿದ ಹಣವನ್ನು ಕೊಡದೆ ಹೋಗಲು, ಅವನು ಊರಿನ ಮಕ್ಕಳನ್ನೇ ಕರೆದುಕೊಂಡು ಹೋಗುವನು. ಪುಟ್ಟಪ್ಪನವರು ಆ ವೇಸರ್ ನದಿಯ ದಡದ ಊರನ್ನು ನಮ್ಮ ತುಂಗೆಯ ದಡಕ್ಕೆ ತಂದರು, ಕೊಳಲಿನವನ ಕೈಗೆ ಕಿಂದರಿಯನ್ನು ಕೊಟ್ಟರು. ಶಿವಮೊಗ್ಗಾದ ಮಕ್ಕಳಿಗೆ ತುಂಗೆಯೆಂದರೆ ದಿನವೂ ಕಾಣುವ ನೀರು. ಇಲಿಗಳು ಯಾವ ನೀರಿನಲ್ಲಿ ಬಿದ್ದವೆಂದು ಅವರಿಗೆ ನಕ್ಷೆ ತೆರೆದು ತೋರಿಸಬೇಕಾಗಿಲ್ಲ.

ಈ ಎರಡು ಪದ್ಯಗಳನ್ನು ಕೂಡಿಸಿ ಇಂಗ್ಲಿಷ್ ಪಾಠ ಮಾಡುವದು ಹೇಗೆಂಬದನ್ನು ನಮ್ಮ ಹಳ್ಳಿಗಳ ಉಪಾಧ್ಯಾಯರಿಗೂ ಭಾನುವಾರದ ಶಾಲೆಯವರಿಗೂ ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಮೊದಲನೆಯ ದಿನ ಇಂಗ್ಲಿಷ್ ಪುಸ್ತಕವನ್ನು ತೆರೆಯಲೇ ಬೇಡಿರಿ. ಕಿಂದರಿಜೋಗಿಯನ್ನು ಮಕ್ಕಳಿಂದ ಹಾಡಿಸಿ, ಕಥೆಯನ್ನು ಅವರ ಮಾತಿನಲ್ಲಿಯೇ ಹೇಳಿಸಿರಿ. ಆಮೇಲೆ ಚಿತ್ರ ಬರೆಯಿಸಿರಿ. ಇದಕ್ಕೆ ಬ್ರೌನಿಂಗರದೇ ಆಧಾರವುಂಟು. ಅವರು ಆ ಪದ್ಯವನ್ನು ಬರೆದದ್ದು ಮ್ಯಾಕ್ರೆಡಿ ಎಂಬ ನಟರ ಮಗನಿಗಾಗಿ. ಆ ಹುಡುಗನು ರೋಗದಿಂದ ಮಲಗಿದ್ದನು, ಚಿತ್ರ ಬರೆಯುವದೆಂದರೆ ಅವನಿಗೆ ಪ್ರೀತಿ. ಹಾಸಿಗೆಯಲ್ಲಿದ್ದುಕೊಂಡು ಚಿತ್ರ ಬರೆಯಲಿಕ್ಕೆ ಒಂದು ಕಥೆ ಬೇಕಾಗಿತ್ತು. ಅದು 1842ರಲ್ಲಿ ಅಚ್ಚಾಯಿತು. ಮಕ್ಕಳು ಬರೆದ ಚಿತ್ರದಲ್ಲಿ ಇಲಿ, ನದಿ, ಸೇತುವೆ, ಮನೆ, ಜೋಗಿ, ಮಕ್ಕಳು ಇವೆಲ್ಲಾ ಇರುವವಷ್ಟೆ. ಎರಡನೆಯ ದಿನ ಆ ಚಿತ್ರದ ಮೇಲೆ ಬೆರಳಿಟ್ಟು ರ‍್ಯಾಟ್, ರಿವರ್, ಬ್ರಿಜ್ ಎಂದು ಹೆಸರುಗಳನ್ನು ಹೇಳಿರಿ; ಮಕ್ಕಳು ಕೇಳಿ, ಅಂದು, ಅನಂತರವೇ ಬರೆಯಲಿ. ಕಿವಿ ಮೊದಲು, ನಾಲಿಗೆ ಆಮೇಲೆ, ಕಣ್ಣು ಕೈಗಳು ಕಡೆಗೆ. ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ಇದನ್ನು ತಲೆಕೆಳಗು ಮಾಡಿ, ಕಾಪಿ ಬರೆಯಿಸುವದರಿಂದ ಪ್ರಾರಂಭಿಸುತ್ತಾರೆ.

ಹೆಸರುಗಳು ಬಂದ ಮೇಲೆ ಚಿಕ್ಕ ವಾಕ್ಯಗಳು. ಇಲಿಗಳು ಎಲ್ಲಿವೆ? ಮನೆಯಲ್ಲಿವೆ. ಜೋಗಿ ಎಲ್ಲಿಗೆ ಹೋದನು? ನದಿಗೆ ಹೋದನು. ಈ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿ, ಇಂಗ್ಲಿಷಿನಲ್ಲಿಯೇ ಉತ್ತರ ತೆಗೆದುಕೊಳ್ಳಬೇಕು. ಉತ್ತರವು ಮೊದಲೇ ಮಗುವಿನ ಮನಸ್ಸಿನಲ್ಲಿರುವದರಿಂದ ಅದು ಮಾತನ್ನು ಮಾತ್ರ ಹುಡುಕಬೇಕಾಗುವದು. ಇಲ್ಲಿ ಒಂದು ಲೆಕ್ಕವನ್ನು ನೋಡಿರಿ. ಪಾಠದ ಹೊತ್ತು 40 ನಿಮಿಷ, ಮಕ್ಕಳು 40 ಮಂದಿ ಎಂದಿಟ್ಟುಕೊಳ್ಳೋಣ. ಉಪಾಧ್ಯಾಯರು 30 ನಿಮಿಷ ತಾವೇ ಮಾತಾಡಿದರೆ ಉಳಿದ 10 ನಿಮಿಷದಲ್ಲಿ ಒಂದೊಂದು ಮಗುವಿಗೆ 15 ಸೆಕೆಂಡು ಸಿಕ್ಕುವದು. ಅದರಲ್ಲಿ ಯಾರು ಯಾವ ಭಾಷೆಯನ್ನು ಕಲಿತಾರು? ಮಕ್ಕಳನ್ನು ಇಬ್ಬಿಬ್ಬರಾಗಿ ಕೂಡಿಸಿ, ಒಬ್ಬನು ಕೇಳಿ ಒಬ್ಬನು ಹೇಳುವಂತೆ ಬಿಟ್ಟರೆ, ಅದೇ 10 ನಿಮಿಷದಲ್ಲಿ ಪ್ರತಿಯೊಂದು ಮಗುವೂ 5 ನಿಮಿಷ ಮಾತಾಡುವದು. ಗದ್ದಲವಾಗುವದು, ನಿಜ. ಹೆಡ್ಮಾಸ್ತರು ಬಾಗಿಲಿಗೆ ಬಂದು ನೋಡುವರು, ಅದೂ ನಿಜ. ಬ್ರೌನಿಂಗರ ಪದ್ಯವನ್ನು ಮಾತ್ರ ಹಾಗೆಯೇ ತಂದು ಚಿಕ್ಕ ಮಕ್ಕಳ ಮುಂದೆ ಹಾಕಬೇಡಿರಿ. ಅದರ ಇಂಗ್ಲಿಷ್ ಬಲು ಕಠಿಣ. ಸುಲಭವಾದ ವಾಕ್ಯಗಳಲ್ಲಿ ಕಥೆಯನ್ನು ಹೇಳಿ, ಮೇಲ್ತರಗತಿಯವರಿಗೆ ಮೂಲದ ಕೆಲವು ಸಾಲುಗಳನ್ನು ಗಟ್ಟಿಯಾಗಿ ಓದಿ ಕೇಳಿಸಿದರೆ ಸಾಕು. ಕಡೆಯಲ್ಲಿ ಅವರು ತಾವೇ ಐದು ವಾಕ್ಯ ಬರೆಯಲಿ, ಉಪಾಧ್ಯಾಯರು ಒಂದು ಜಾತಿಯ ತಪ್ಪನ್ನು ಮಾತ್ರ ತಿದ್ದಲಿ. ಎಲ್ಲಾ ತಪ್ಪುಗಳಿಗೂ ಒಂದೇ ಸಾರಿ ಕೆಂಪು ಗೆರೆ ಹಾಕಿದರೆ ಮಗುವು ಮುಂದಿನ ವಾರ ಎರಡೇ ವಾಕ್ಯ ಬರೆಯುವದು.

ಇನ್ನು ಚರಿತ್ರೆಗೆ ಬರೋಣ. ಟಿ. ಎಸ್. ವೆಂಕಣ್ಣಯ್ಯನವರೆಂಬ ಪೂಜ್ಯ ಅಧ್ಯಾಪಕರ ಪ್ರೇರಣೆಯಿಂದ ಪುಟ್ಟಪ್ಪನವರು ಕನ್ನಡ ಎಂ. ಎ. ತರಗತಿಯನ್ನು ಸೇರಿ, 1929ರಲ್ಲಿ ಮಹಾರಾಜಾ ಕಾಲೇಜಿನಲ್ಲಿಯೇ ಕನ್ನಡ ಅಧ್ಯಾಪಕರಾದರು. 1937ರಲ್ಲಿ ಹೇಮಾವತಿಯವರನ್ನು ಮದುವೆಯಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕೆಲವು ವರುಷವಿದ್ದು, ತಿರಿಗಿ ಮೈಸೂರಿಗೆ ಬಂದರು. 1949ರಲ್ಲಿ ಹೊರಬಂದ ಶ್ರೀ ರಾಮಾಯಣ ದರ್ಶನಂ ಎಂಬ ಮಹಾಕಾವ್ಯವನ್ನು ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಮಿಲ್ಟನ್ನರನ್ನು ಓದಿದವರು ಅದರ ಉದ್ದವಾದ ವಾಕ್ಯಗಳ ನಡೆಯಲ್ಲಿ ಆ ಓದಿನ ಗುರುತನ್ನು ಕಾಣಬಲ್ಲರು. ಅದಕ್ಕೆ ದೊರೆತ ಬಹುಮಾನಗಳನ್ನು ಎಲ್ಲರೂ ಬಲ್ಲರಾದದರಿಂದ ಇಲ್ಲಿ ಹೇಳುವದಿಲ್ಲ.

1956ರಿಂದ 1960ರ ವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಬಹುಕಾಲದಿಂದ ಹೇಳುತ್ತ ಬಂದದ್ದನ್ನು ನಡಿಸಿ ತೋರಿಸುವ ಅಧಿಕಾರವು ಆಗ ಕೈಗೆ ಬಂದಿತು. ಕಾಲೇಜಿನ ಪಾಠಗಳನ್ನು ಕನ್ನಡದಲ್ಲಿ ಹೇಳುವದಕ್ಕೂ ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯುವದಕ್ಕೂ ದಾರಿಮಾಡಿದರು. ಅದಕ್ಕೆ ಬೇಕಾದ ಪುಸ್ತಕಗಳನ್ನು ಕನ್ನಡದಲ್ಲಿ ಬರೆಯಿಸಿದರು. ಹಳ್ಳಿಯ ಮಕ್ಕಳು ಇಂಗ್ಲಿಷ್ ಎಂಬ ಒಂದೇ ಬಾಗಿಲಿನಲ್ಲಿ ತಲೆ ತಗಲಿಸಿಕೊಂಡು ಬೀಳುವದನ್ನು ಕಂಡು ಅವರಿಗೆ ಸಹಿಸಲಾರದ ಸಂಕಟವಾಗುತ್ತಿತ್ತು. ಗಣಿತದಲ್ಲಿ ಜಾಣನಾದವನು ಇಂಗ್ಲಿಷಿನಲ್ಲಿ ತಪ್ಪಿದನೆಂದು ಓದನ್ನೇ ಬಿಟ್ಟು ಹೋಗುವದು ದೇಶಕ್ಕೆ ನಷ್ಟವೆಂದು ಅವರು ಎಣಿಸಿದರು. ಅವರ ವಾದದ ಸಾರವು ಇಷ್ಟೇ: ಇಂಗ್ಲಿಷನ್ನು ಒಂದು ಭಾಷೆಯಾಗಿ ಬೇಕಾದವರು ಚೆನ್ನಾಗಿ ಕಲಿಯಲಿ, ಅದನ್ನು ಎಲ್ಲಾ ವಿದ್ಯೆಗಳ ಬಾಗಿಲಿಗೆ ಬೀಗವಾಗಿ ಹಾಕಬಾರದು.

ಇದರಲ್ಲಿ ನಮಗೆ ಬಹುಭಾಗ ಒಪ್ಪಿಗೆ. ಒಂದು ವಿಷಯದಲ್ಲಿ ಮಾತ್ರ ನಮ್ಮ ಮನಸ್ಸು ಪೂರ್ತಿಯಾಗಿ ಒಪ್ಪದು. ಬೇಕಾದವರು ಕಲಿಯಲಿ ಎಂದರೆ, ಯಾರಿಗೆ ಬೇಕೆಂಬದನ್ನು ಹತ್ತು ವರುಷದ ಮಗುವಿನ ವಿಷಯದಲ್ಲಿ ತೀರ್ಮಾನಿಸುವವರು ಯಾರು? ಮನೆಯಲ್ಲಿ ಪುಸ್ತಕವೂ ಮೈಸೂರಿಗೆ ಕಳುಹಿಸುವ ಶಕ್ತಿಯೂ ಇದ್ದ ಮಗುವಿಗೆ ಆಮೇಲೆ ಕಲಿಯುವ ಅವಕಾಶವುಂಟು; ಕೂಲಿಯವನ ಮಗಳಿಗೆ ಊರಿನ ಶಾಲೆಯಲ್ಲಿ ಸಿಕ್ಕದ್ದು ಬೇರೆಲ್ಲಿಯೂ ಸಿಕ್ಕದು. ಆದದರಿಂದ ಬಡವರ ಮಕ್ಕಳಿಗಾದರೋ ಇಂಗ್ಲಿಷ್ ಪಾಠವು ಕನ್ನಡ ಶಾಲೆಯಲ್ಲಿಯೇ, ಒಳ್ಳೆಯ ಉಪಾಧ್ಯಾಯರಿಂದ ದೊರೆಯಲೇ ಬೇಕು. ಅವರು ಇಂಗ್ಲಿಷ್ ಶಾಲೆಗೆ ಹೋಗುವದು ಇದಕ್ಕೆ ಸಮನಲ್ಲ. ತಿಳಿಯದ ಮಾತಿನಲ್ಲಿ ವಿಜ್ಞಾನವನ್ನು ಉರುಹೊಡೆದ ಮಗುವಿಗೆ ವಿಜ್ಞಾನವೂ ಬಾರದು, ಇಂಗ್ಲಿಷೂ ಬಾರದು. ಇದನ್ನು ನಾವು ಅನೇಕ ಮನೆಗಳಲ್ಲಿ ಕಾಣುತ್ತಿದ್ದೇವೆ.

ಭದ್ರಾವತಿಯಲ್ಲಿ ಇನ್ನೊಂದು ತೊಡಕುಂಟು. ಹಿಂದೆ ಬೆಂಕಿಪುರವೆನ್ನಿಸಿಕೊಂಡ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸ ಪ್ರಾರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು ಎಲ್ಲರೂ ಬಂದು ನೆಲೆಸಿದರು. ಇಲ್ಲಿನ ಒಂದು ತರಗತಿಯಲ್ಲಿ ಕನ್ನಡವು ಮನೆಮಾತಾಗಿರುವ ಮಕ್ಕಳ ಪಕ್ಕದಲ್ಲಿಯೇ, ಅದನ್ನು ಬೀದಿಯಲ್ಲಿ ಕಲಿತ ಮಕ್ಕಳೂ ಕೂತಿರುವರು. ಅವರಿಗೆ ಕನ್ನಡದಿಂದ ಇಂಗ್ಲಿಷಿಗೆ ಗೆರೆ ಎಳೆದು ತೋರಿಸುವದು ಸಾಲದು. ಇಂಥಲ್ಲಿ ಚಿತ್ರ, ವಸ್ತು, ಅಭಿನಯ ಇವುಗಳೇ ಎಲ್ಲರಿಗೂ ಸಾಮಾನ್ಯವಾದ ಭಾಷೆ. ಕಬ್ಬಿಣ, ಬೆಂಕಿ, ಇದ್ದಲು, ಚಕ್ರ, ಕಾಗದ ಎಂಬವು ಯಾವ ಮನೆಯ ಮಗುವಿಗೂ ತಿಳಿದ ವಸ್ತುಗಳು. ತಂದೆ ಅಜ್ಜಂದಿರ ಕೆಲಸದ ಕಥೆಯನ್ನು ಒಂದೊಂದು ಮಗುವೂ ಹೇಳಬಲ್ಲದು. ಅಲ್ಲಿಂದ ಇಂಗ್ಲಿಷ್ ಪಾಠವನ್ನು ಪ್ರಾರಂಭಿಸಿದರೆ, ವರ್ಡ್ಸ್‌ವರ್ತ್ ಕವಿಯ ಬೆಟ್ಟಗಳಲ್ಲಿ ಕುಪ್ಪಳಿಯನ್ನು ಕಂಡ ಹುಡುಗನಿಗೆ ಆದ ಲಾಭವು ಇವರಿಗೂ ಆಗುವದು.

ಪುಟ್ಟಪ್ಪನವರು ಉಪಕುಲಪತಿಗಳ ಕೆಲಸವನ್ನು ಬಿಟ್ಟ ಮೇಲೆಯೂ ಈ ವ್ಯವಹಾರವು ತೀರಲಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಿಕ್ಕೆ ತೊಡಗಿದರು. ಖಾಸಗಿ ಶಾಲೆಗಳು ತಾಯಿನುಡಿಯಲ್ಲಿಯೇ ಪಾಠ ಹೇಳಬೇಕೆಂದು ಸರ್ಕಾರವು ಬಲವಂತಮಾಡಕೂಡದೆಂದು ದೇಶದ ಅತ್ಯುನ್ನತ ನ್ಯಾಯಾಲಯವು 2014ರಲ್ಲಿ ತೀರ್ಪುಕೊಟ್ಟಿತು. 2019ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ತರಗತಿಗಳು ತೆರೆಯಲ್ಪಟ್ಟವು. ಹೀಗೆ ಬಾಗಿಲುಗಳು ಹೆಚ್ಚಿದವು. ಅವುಗಳೊಳಗೆ ನಿಂತು ಕಲಿಸುವ ಉಪಾಧ್ಯಾಯರಿಗೆ ಇಂಗ್ಲಿಷ್ ಎಷ್ಟು ಬರುತ್ತದೆ, ಕನ್ನಡ ಎಷ್ಟು ಬರುತ್ತದೆ ಎಂದು ಕೇಳುವವರು ಮಾತ್ರ ಕಡಿಮೆ. ಮಗುವನ್ನು ಶಾಲೆಗೆ ಸೇರಿಸುವ ಮುಂಚೆ ಫೀಸನ್ನು ಕೇಳುವ ತಂದೆತಾಯಿಗಳು ಇದನ್ನೂ ಕೇಳಿ ತಿಳಿದುಕೊಳ್ಳತಕ್ಕದ್ದು. ಸಾಧ್ಯವಾದರೆ ಒಂದು ಪಾಠದ ಹೊತ್ತು ಹೊರಗೆ ನಿಂತು, ಮಕ್ಕಳ ಧ್ವನಿ ಕೇಳಿಸುತ್ತದೋ ಉಪಾಧ್ಯಾಯರ ಧ್ವನಿ ಮಾತ್ರ ಕೇಳಿಸುತ್ತದೋ ಎಂದು ಕಿವಿಗೊಟ್ಟು ಕೇಳಲಿ.

ಕಡೆಯ ವರುಷಗಳನ್ನು ಪುಟ್ಟಪ್ಪನವರು ಮೈಸೂರಿನ ತಮ್ಮ ಮನೆಯಲ್ಲಿ ಕಳೆದರು. 1980ರಲ್ಲಿ ನೆನಪಿನ ದೋಣಿಯಲ್ಲಿ ಎಂಬ ಹೆಸರಿನಿಂದ ತಮ್ಮ ಬಾಲ್ಯದ ಮತ್ತು ಯೌವನದ ಕಥೆಯನ್ನು ಪ್ರಕಟಿಸಿದರು. ಇಂಗ್ಲಿಷ್ ಕವಿತೆ ಬರೆದ ಹುಚ್ಚನ್ನೂ ಕಸಿನ್ಸರ ಬಳಿಗೆ ಹೋದ ಸಂಗತಿಯನ್ನೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. 1994ನೆಯ ಇಸವಿ ನವಂಬರ 11ನೆಯ ತಾರೀಖಿನಲ್ಲಿ, ತಮ್ಮ ತೊಂಭತ್ತನೆಯ ವರುಷದಲ್ಲಿ, ಮೈಸೂರಿನಲ್ಲಿ ತೀರಿಕೊಂಡರು. ದೇಹವನ್ನು ಕುಪ್ಪಳಿಗೆ ತಂದು ಮನೆಯ ಹಿಂದಣ ಗುಡ್ಡದ ಮೇಲೆ, ಅವರೇ ಕವಿಶೈಲವೆಂದು ಹೆಸರಿಟ್ಟಿದ್ದ ಸ್ಥಳದಲ್ಲಿ ಸಂಸ್ಕಾರಮಾಡಿದರು. ಶಿವಮೊಗ್ಗಾದಿಂದ ತೀರ್ಥಹಳ್ಳಿಯ ಮೇಲೆ ಹೋಗುವವರು ಈಗ ಆ ಮನೆಯನ್ನೂ ಗುಡ್ಡವನ್ನೂ ನೋಡಬಹುದು. ಗುಡ್ಡದ ಬಂಡೆಯ ಮೇಲೆ ಕೆಲವು ಹೆಸರುಗಳು ಕೆತ್ತಲ್ಪಟ್ಟಿವೆ. ಅವುಗಳಲ್ಲಿ ಒಂದು ವೆಂಕಣ್ಣಯ್ಯನವರದು. ಮತ್ತೊಂದು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಶ್ರೀಕಂಠಯ್ಯನವರದು.